ಬೆಲ್ಲದ ಅಕ್ಷರ ಬೆಲ್ಲದ ಹಾಗೆಯೇ ಕಾಣಬೇಕಾದರೆ

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಪಾಂಡವಪುರದ ಹತ್ತಿರ ನಿಮ್ಮ ಅಣ್ಣನ ಆಲೆಮನೆ ಇದೆ. ಅವರು ಹೆದ್ದಾರಿಯ ಬದಿಯಲ್ಲಿ ಮಳಿಗೆ ತೆರೆಯುತ್ತಿದ್ದಾರೆ. ಹತ್ತು ಅಡಿ ಅಗಲ, ಮೂರು ಅಡಿ ಎತ್ತರದ ತಗಡಿನ ಮೇಲೆ ವಿನೈಲ್ ಮುದ್ರಣ ಅಂಟಿಸುತ್ತೀರಿ. ಅದರಲ್ಲಿ ‘ಆಲೆಮನೆ ಬೆಲ್ಲ’ ಎಂಬ ಹೆಸರು ಬೆಲ್ಲವನ್ನೇ ಅಚ್ಚಿಗೆ ಹೊಯ್ದಂತೆ ಕಾಣಬೇಕು. ಗಿಂಪ್ ಎಂಬ ಉಚಿತ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಅಕ್ಷರದೊಳಕ್ಕೆ ಬೆಲ್ಲದ ಫೋಟೊ ತುಂಬಿಸಿ ತೋರಿಸಿದಾಗ ಅಣ್ಣ ‘ಇದು ಬೆಲ್ಲದ ಬಣ್ಣದ ಸ್ಟಿಕ್ಕರ್’ ಎಂದು ನಕ್ಕರು. ತಪ್ಪಿದ್ದು ಎಲ್ಲಿ ಎಂದು ಕೇಳಿದ್ದೀರಿ.

ಅಣ್ಣನ ಕಣ್ಣು ಸರಿಯಾಗಿದೆ. ದಿನವೂ ಬೆಲ್ಲ ನೋಡುವವರು ಅವರು. ಮಂಡ್ಯದಲ್ಲಿ ಹನ್ನೊಂದು ವರ್ಷಗಳಿಂದ ಬೋರ್ಡು, ಲಗ್ನಪತ್ರಿಕೆ, ಚೀಲದ ಮೇಲಿನ ಚಿತ್ರ ಎಂದು ಇದೇ ಕೆಲಸ ಮಾಡಿಕೊಂಡಿರುವ ನಾನೂ ಮೊದಲ ನಾಲ್ಕು ವರ್ಷ ಸ್ಟಿಕ್ಕರುಗಳನ್ನೇ ಮಾಡುತ್ತಿದ್ದೆ. ನೀವು ಅಕ್ಷರದ ಹೊಟ್ಟೆಗೆ ಬೆಲ್ಲ ತುಂಬಿಸಿದ್ದೀರಿ, ಅಂಚನ್ನು ಮಾತ್ರ ಬ್ಲೇಡಿನಿಂದ ಕತ್ತರಿಸಿದಂತೆ ಬಿಟ್ಟಿದ್ದೀರಿ. ಬೆಲ್ಲಕ್ಕೆ ಬ್ಲೇಡಿನ ಅಂಚು ಇರುವುದಿಲ್ಲ. ಒಂದು ಅಚ್ಚು ಬೆಲ್ಲವನ್ನು ಕೈಯಲ್ಲಿ ಹಿಡಿದು ನೋಡಿ: ಮೂಲೆ ಸ್ವಲ್ಪ ಉದುರಿ ದುಂಡಗಾಗಿರುತ್ತದೆ, ಅಂಚಿನಲ್ಲಿ ಹಲ್ಲು ಹಲ್ಲಾಗಿ ಹರಳು ಕಾಣುತ್ತದೆ, ಮುಖ ಮಾತ್ರ ಅಚ್ಚಿಗೆ ತಾಗಿದ್ದರಿಂದ ನುಣುಪಾಗಿರುತ್ತದೆ. ನೋಡುವವನಿಗೆ ‘ಇದು ಬೆಲ್ಲ’ ಎಂದು ಮೊದಲು ಹೇಳುವುದು ಆ ಅಂಚು. ಎರಡನೆಯದಾಗಿ ಹೇಳುವುದು ಬೆಳಕು ಬಿದ್ದ ರೀತಿ. ಬಣ್ಣದ ಸರದಿ ಮೂರನೆಯದು.

ಫೋಟೊದಿಂದಲೇ ಶುರು ಮಾಡಿ. ಅಂತರ್ಜಾಲದಿಂದ ಇಳಿಸಿಕೊಂಡ ಚಿತ್ರ ಬೇಡ. ಹಕ್ಕಿನ ತಂಟೆ ಒಂದು ಕಡೆ, ಅದರ ಬೆಳಕು ಎತ್ತಲಿಂದ ಬಂದಿದೆ ಎಂಬುದು ನಿಮ್ಮ ಕೈಯಲ್ಲಿ ಇರುವುದಿಲ್ಲ ಎಂಬುದು ಇನ್ನೊಂದು ಕಡೆ. ಆಲೆಮನೆಯೇ ಮನೆಯಲ್ಲಿದ್ದಾಗ ಸಾಲ ತರುವುದೇಕೆ? ಕೊಪ್ಪರಿಗೆಯಿಂದ ಇಳಿಸಿದ ಪಾಕವನ್ನು ಒಂದು ದೊಡ್ಡ ಹರಿವಾಣಕ್ಕೆ ಹೊಯ್ದು ಆರಲು ಬಿಡಿ ಎಂದು ಅಣ್ಣನಿಗೆ ಹೇಳಿ. ಮಾರನೆಯ ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ಅದನ್ನು ಅಂಗಳದಲ್ಲಿಟ್ಟು, ನೇರ ಮೇಲಿನಿಂದ, ಮೊಬೈಲಿನ ಫ್ಲ್ಯಾಶ್ ಆರಿಸಿ ತೆಗೆಯಿರಿ. ಎಳೆಬಿಸಿಲು ಓರೆಯಾಗಿ ಬೀಳುವುದರಿಂದ ಒಂದೊಂದು ಹರಳಿಗೂ ಅದರದೇ ಸಣ್ಣ ನೆರಳು ಸಿಗುತ್ತದೆ. ನಮ್ಮೂರ ಕೆರೆ ಏರಿಯ ಮೇಲೆ ಒಂದು ಶಾಸನದ ಕಲ್ಲಿದೆ. ನಡುಮಧ್ಯಾಹ್ನ ಹೋದರೆ ಬರೀ ಬೋಳು ಬಂಡೆ, ಸಂಜೆ ಐದಕ್ಕೆ ಹೋದರೆ ಅಕ್ಷರಗಳು ಎದ್ದು ಬಂದು ನಿಲ್ಲುತ್ತವೆ. ಕಲ್ಲಿಗೂ ಬೆಲ್ಲಕ್ಕೂ ನಿಯಮ ಒಂದೇ. ಬಿಸಿಲು ಎಡಗಡೆಯಿಂದ ಬಂದಿತೋ ಬಲಗಡೆಯಿಂದಲೋ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಹರಿವಾಣದಲ್ಲಿರುವ ಬೆಲ್ಲದ ಒಂದು ಬದಿಯನ್ನು ಮುರಿದು, ಆ ಮುರಿದ ಮುಖದ ಫೋಟೊ ಕೂಡ ತೆಗೆದುಕೊಳ್ಳಿ, ಅಂಚಿನ ಕೆಲಸ ಮಾಡುವಾಗ ಎದುರಿಗಿಟ್ಟುಕೊಳ್ಳಲು.

ಬಣ್ಣದ ಬಗ್ಗೆ ಒಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಬೋರ್ಡು ಹೊಳೆಯಲಿ ಎಂದು ಬೆಲ್ಲವನ್ನು ಹಳದಿ ಮಾಡಬೇಡಿ. ಅಂಥ ತಿಳಿಹಳದಿ ಬಣ್ಣ ಹೆಚ್ಚಾಗಿ ಹೈಡ್ರೋಸ್ ಎಂಬ ಬಣ್ಣ ತಿಳಿಯಾಗಿಸುವ ರಾಸಾಯನಿಕ ಪುಡಿಯಿಂದ ಬರುತ್ತದೆ ಎಂದು ಈಗ ಗಿರಾಕಿಗಳಿಗೂ ಗೊತ್ತು. ರಾಸಾಯನಿಕ ಹಾಕದ ಬೆಲ್ಲ ಕಂದು. ಅಣ್ಣ ಮಾರುವುದು ಯಾವುದೋ ಬೋರ್ಡಿನ ಮೇಲೆ ಅದೇ ಇರಲಿ.

ಇನ್ನು ಗಿಂಪ್. ಕ್ಯಾನ್ವಾಸನ್ನು ಪೂರ್ತಿ ಅಳತೆಗೆ ಮಾಡುವ ಅಗತ್ಯವಿಲ್ಲ. ಹತ್ತು ಅಡಿಯೆಂದರೆ 120 ಅಂಗುಲ. ಅಂಗುಲಕ್ಕೆ 72 ಪಿಕ್ಸೆಲ್ ಹಿಡಿದರೆ 8640 ಅಗಲ, 2592 ಎತ್ತರ ಆಗುತ್ತದೆ. ಹಳೆಯ ಕಂಪ್ಯೂಟರ್ ಇದಕ್ಕೆ ಏದುಸಿರು ಬಿಡುತ್ತದೆ. ಹೆದ್ದಾರಿಯ ಬೋರ್ಡನ್ನು ಯಾರೂ ಮೂಗಿಗೆ ತಾಗಿಸಿಕೊಂಡು ಓದುವುದಿಲ್ಲವಾದ್ದರಿಂದ ಅರ್ಧ ಅಳತೆ, 4320 × 1296, ಸಾಕು. ಮುದ್ರಿಸುವವರು ಇಮ್ಮಡಿ ಮಾಡಿಕೊಳ್ಳುತ್ತಾರೆ. ಹನ್ನೆರಡು ಮೆಗಾಪಿಕ್ಸೆಲ್ ಮೊಬೈಲ್ ಫೋಟೊ ಸುಮಾರು 4000 ಪಿಕ್ಸೆಲ್ ಅಗಲ ಬರುತ್ತದೆ. ಒಂದೇ ಫೋಟೊವನ್ನು ತುಸು ಹಿಗ್ಗಿಸಿದರೆ ಇಡೀ ಬೋರ್ಡಿಗೆ ಆಗುತ್ತದೆ.

ಒಂದೇ ಫೋಟೊ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾನು ಮಾಡಿದ ಮೊದಲ ಬೆಲ್ಲದ ಬೋರ್ಡಿನಲ್ಲಿ ಸಣ್ಣ ತುಂಡೊಂದರ ಫೋಟೊವನ್ನು ಟೈಲ್ ಸೀಮ್‌ಲೆಸ್ ಫಿಲ್ಟರಿಗೆ ಕೊಟ್ಟು, ಹೆಂಚು ಹೊದಿಸಿದಂತೆ ಪೂರಾ ಹರಡಿದ್ದೆ. ಫೋಟೊ ತೆಗೆಯುವಾಗ ಒಂದು ಕೆಂಪಿರುವೆ ಬೆಲ್ಲದ ಮೇಲೆ ಹತ್ತಿದ್ದನ್ನು ಗಮನಿಸಿರಲಿಲ್ಲ. ಮುದ್ರಣವಾಗಿ ಬಂದ ಮೇಲೆ ಗಿರಾಕಿಯ ಮಗಳು ಎಣಿಸಿ ಹೇಳಿದಳು: ಹದಿಮೂರು ಕಡೆ ಅದೇ ಇರುವೆ, ಅದೇ ಕಾಲು ಎತ್ತಿಕೊಂಡು.

ಫಾಂಟ್ ವಿಷಯದಲ್ಲಿ ಅರ್ಧ ಜನ ಎಡವುತ್ತಾರೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ (ಯೂನಿಕೋಡ್‌ಗೆ ಮುಂಚಿನ) ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಹೆಸರನ್ನು ತಂದು ಗಿಂಪ್‌ನಲ್ಲಿ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತವೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಆಗ ‘ಲ್ಲ’ದ ಒತ್ತು ತನ್ನ ಜಾಗದಲ್ಲಿ ತಾನೇ ಕೂರುತ್ತದೆ. ಫೋಟೊಶಾಪ್ ಬಳಸುವವರಿಗೆ ಇಲ್ಲೊಂದು ಬೇರೆ ಕಾಟವಿದೆ. ಅದರ ಪ್ರಿಫರೆನ್ಸಸ್‌ನ ಟೈಪ್ ವಿಭಾಗದಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ಒತ್ತದಿದ್ದರೆ ಹಳೆಯ ಆವೃತ್ತಿಗಳಲ್ಲಿ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಂತು ಅಣಕಿಸುತ್ತದೆ.

ಆಯ್ಕೆಗೆ ಬಾಲೂ ತಮ್ಮ ಎಂಬ ಫಾಂಟ್ ನೋಡಿ. ಉಚಿತ, ದಪ್ಪ, ಮೂಲೆಗಳೆಲ್ಲ ದುಂಡಗೆ. ದಪ್ಪವೇ ಏಕೆ ಬೇಕೆಂದರೆ ಹರಳಿನ ಗಾತ್ರಕ್ಕೂ ಗೆರೆಯ ದಪ್ಪಕ್ಕೂ ಒಂದು ಲೆಕ್ಕ ಇರಬೇಕು. ಹರಳು ಗೆರೆಯ ಮೂರನೆಯ ಒಂದು ಪಾಲಿಗಿಂತ ದೊಡ್ಡದಾದರೆ ಅಕ್ಷರ ಕರಗಿಹೋಗುತ್ತದೆ. ಕನ್ನಡದಲ್ಲಿ ಮೊದಲು ಸಾಯುವುದು ಒತ್ತು. ಹಲವು ತೆಳು ಫಾಂಟುಗಳಲ್ಲಿ ಕೆಳಗಿನ ‘ಲ’ದ ಗೆರೆ ಮೇಲಿನ ‘ಲ’ದಷ್ಟು ದಪ್ಪ ಇರುವುದಿಲ್ಲ. ಮೇಲೆ ಸುಂದರವಾಗಿ ಕಾಣುವ ಹರಳು ಕೆಳಗೆ ಗೆದ್ದಲು ತಿಂದಂತೆ ಕಾಣುತ್ತದೆ. ಒತ್ತಿಗೆ ಮಾತ್ರ ಸಣ್ಣ ಹರಳು ಹಾಕೋಣ ಎನ್ನಬೇಡಿ, ಒಂದೇ ಪಾಕದಲ್ಲಿ ಎರಡು ಬೆಲ್ಲ ಬರುವುದಿಲ್ಲ.

ಎರಡನೆಯದಾಗಿ ಸಾಯುವುದು ಮಹಾಪ್ರಾಣ. ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಬುಡದಲ್ಲಿರುವ ಒಂದು ಸಣ್ಣ ಸೀಳು. ಮೈಸೂರಿನ ಒಂದು ಊದುಬತ್ತಿ ಅಂಗಡಿಗೆ ‘ಗಂಧದಕಡ್ಡಿ’ ಎಂದು ಮರದ ಸಿಪ್ಪೆಯ ಮೇಲ್ಮೈಯಲ್ಲಿ ಬರೆದುಕೊಟ್ಟಿದ್ದೆ. ಅಂಚನ್ನು ಒರಟು ಮಾಡುವ ಹುಮ್ಮಸ್ಸಿನಲ್ಲಿ ‘ಧ’ದ ಸೀಳು ಮುಚ್ಚಿಹೋಯಿತು, ಪಕ್ಕದಲ್ಲೇ ನಿಜವಾದ ‘ದ’ ಇತ್ತು, ಎರಡೂ ಅವಳಿಗಳಂತೆ ಕಂಡವು. ಅಂಗಡಿಯವರು ಏನೂ ಅನ್ನಲಿಲ್ಲ. ಅವರ ತಂದೆ, ನಿವೃತ್ತ ಕನ್ನಡ ಮೇಷ್ಟ್ರು, ಅಂದರು. ನಿಮ್ಮ ಹೆಸರಿನಲ್ಲಿ ಮಹಾಪ್ರಾಣವಿಲ್ಲ, ಅದೃಷ್ಟವಂತರು. ಆದರೆ ಕೆಳಸಾಲಿನಲ್ಲಿ ‘ಶುದ್ಧ’ ಎಂದು ಬರೆಯುವಿರಾದರೆ (ಬರೆದೇ ಬರೆಯುತ್ತೀರಿ) ಆ ಸಾಲಿಗೆ ಬೆಲ್ಲದ ವೇಷ ಬೇಡ, ಸಾದಾ ಅಕ್ಷರ ಇರಲಿ.

ಈಗ ಅಂಚಿನ ಕೆಲಸ. ಅಕ್ಷರದ ಪದರದ (ಲೇಯರ್) ಮೇಲೆ ಬಲಗುಂಡಿ ಒತ್ತಿ ‘ಆಲ್ಫಾ ಟು ಸೆಲೆಕ್ಷನ್’ ಆರಿಸಿ. ಅದರ ಮೇಲಿರುವ ಬೆಲ್ಲದ ಫೋಟೊ ಪದರಕ್ಕೆ ಹೋಗಿ ಲೇಯರ್ ಮಾಸ್ಕ್ (ಪದರ ಎಲ್ಲಿ ಕಾಣಬೇಕು, ಎಲ್ಲಿ ಮರೆಯಾಗಬೇಕು ಎಂದು ಹೇಳುವ ಮುಸುಕು) ಸೇರಿಸಿ, ‘ಸೆಲೆಕ್ಷನ್’ ಎಂಬುದನ್ನು ಆರಿಸಿ. ಇಲ್ಲಿಯವರೆಗೆ ನೀವು ಮಾಡಿದ ಸ್ಟಿಕ್ಕರೇ. ಈಗ ಆಯ್ಕೆಯನ್ನು ರದ್ದು ಮಾಡಿ, ಫೋಟೊವನ್ನಲ್ಲ, ಮಾಸ್ಕಿನ ಚಿಕ್ಕ ಚಿತ್ರವನ್ನು ಒತ್ತಿ. ಇದನ್ನು ಮರೆತು ಫೋಟೊವನ್ನೇ ಕೆಡಿಸಿಕೊಂಡು ನನಗೆ ಕರೆ ಮಾಡಿದವರು ಬಹಳ ಮಂದಿ. ಮಾಸ್ಕಿನ ಮೇಲೆ ನಾಯ್ಸ್ ಗುಂಪಿನ ‘ಸ್ಪ್ರೆಡ್’ ಫಿಲ್ಟರನ್ನು 8 ಪಿಕ್ಸೆಲ್‌ಗೆ ಹಾಕಿ. ಅಂಚು ಮರಳು ಚೆಲ್ಲಿದಂತಾಗುತ್ತದೆ, ಹೆದರಬೇಡಿ. ಅದರ ಮೇಲೆ ಗಾಸಿಯನ್ ಬ್ಲರ್ 3. ಈಗ ಮಂಜು ಮಂಜು. ಕೊನೆಗೆ ಲೆವೆಲ್ಸ್ ತೆರೆದು ಕಪ್ಪು ತ್ರಿಕೋನವನ್ನು 110ಕ್ಕೂ ಬಿಳಿಯದನ್ನು 145ಕ್ಕೂ ಎಳೆಯಿರಿ. ಮಂಜು ಗಟ್ಟಿಯಾಗಿ, ಸಣ್ಣ ಸಣ್ಣ ಹಲ್ಲಿನ ಉದುರಿದ ಅಂಚು ಹೊರಬರುತ್ತದೆ, ಮೂಲೆಗಳೂ ತಾವಾಗಿಯೇ ದುಂಡಗಾಗಿರುತ್ತವೆ. ಲೆವೆಲ್ಸ್ ಬದಲು ಥ್ರೆಶೋಲ್ಡ್ ಬಳಸಬಹುದು ಎಂದು ಕೆಲವರು ಹೇಳುತ್ತಾರೆ. ಅದು ಅಂಚನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತದೆ, ನನಗೆ ಇಷ್ಟವಿಲ್ಲ. ಇಷ್ಟೆಲ್ಲ ಪಡಿಪಾಟಲು ಬೇಡವೆನಿಸಿದರೆ ಸೆಲೆಕ್ಟ್ ಮೆನುವಿನ ‘ಡಿಸ್ಟಾರ್ಟ್’ ಒಂದೇ ಏಟಿಗೆ ಹತ್ತಿರಹತ್ತಿರ ಇದೇ ಕೆಲಸ ಮಾಡುತ್ತದೆ, ಹಿಡಿತ ಮಾತ್ರ ಕಡಿಮೆ.

ಮುಂದಿನದು ಉಬ್ಬು. ಹೊಸ ಪದರಕ್ಕೆ ಕಪ್ಪು ತುಂಬಿ. ಅಕ್ಷರದ ಆಯ್ಕೆಯನ್ನು ಮತ್ತೆ ತಂದು ‘ಶ್ರಿಂಕ್’ ಮೂಲಕ 10 ಪಿಕ್ಸೆಲ್ ಕುಗ್ಗಿಸಿ, ಒಳಗೆ ಬಿಳಿ ತುಂಬಿ, ಆಯ್ಕೆ ಬಿಡಿಸಿ, ಗಾಸಿಯನ್ ಬ್ಲರ್ 10 ಕೊಡಿ. ಮೊದಲೇ ಕುಗ್ಗಿಸದಿದ್ದರೆ ಇಳಿಜಾರಿನ ಅರ್ಧ ಭಾಗ ಅಕ್ಷರದ ಹೊರಗೆ ಬಿದ್ದು ಮಾಸ್ಕಿನಲ್ಲಿ ಕತ್ತರಿಸಿಹೋಗುತ್ತದೆ, ಉಬ್ಬು ಅರೆಬರೆ ಕಾಣುತ್ತದೆ. ಈ ಪದರವನ್ನು ಕಣ್ಣಿಗೆ ಕಾಣದಂತೆ ಅಡಗಿಸಿ. ಬೆಲ್ಲದ ಪದರದಲ್ಲಿ ಮಾಸ್ಕಿನಿಂದ ಫೋಟೊಗೆ ಮರಳಿ, ಮ್ಯಾಪ್ ಗುಂಪಿನ ‘ಬಂಪ್ ಮ್ಯಾಪ್’ ತೆರೆದು, ಅದಕ್ಕೆ ಎತ್ತರದ ನಕ್ಷೆಯಾಗಿ ಆ ಕಪ್ಪುಬಿಳುಪು ಪದರವನ್ನು ಕೊಡಿ. ಅಜಿಮತ್ ಎಂಬ ಗುಂಡಿ ಬೆಳಕಿನ ದಿಕ್ಕು. ಬರೆದಿಟ್ಟುಕೊಂಡಿರಲ್ಲ, ಬಿಸಿಲು ಎತ್ತಲಿಂದ ಬಂದಿತ್ತೆಂದು? ಅಕ್ಷರದ ಹೊಳೆಯುವ ಬದಿ ಆ ಕಡೆಗೇ ಬರುವವರೆಗೆ ಗುಂಡಿ ತಿರುಗಿಸಿ. ಹರಳಿನ ನೆರಳು ಬಲಕ್ಕೆ, ಅಕ್ಷರದ ನೆರಳು ಎಡಕ್ಕೆ ಬಿದ್ದರೆ ನೋಡುವವನಿಗೆ ಕಾರಣ ತಿಳಿಯದಿದ್ದರೂ ‘ಏನೋ ಸುಳ್ಳು’ ಎನಿಸುತ್ತದೆ. 2025ರ ಮಾರ್ಚಿನಲ್ಲಿ ಬಂದ ಗಿಂಪ್ 3.0 ನಿಮ್ಮಲ್ಲಿದ್ದರೆ ಪದರದ ಮೇಲೆ ಹಾಕಿದ ಹಲವು ಫಿಲ್ಟರುಗಳು ಅದಕ್ಕೆ ತಗುಲಿಕೊಂಡೇ ಇರುತ್ತವೆ, ನಾಳೆ ಮನಸ್ಸು ಬದಲಾದರೆ ಮತ್ತೆ ತೆರೆದು ತಿದ್ದಬಹುದು, ಆದರೆ ಎಲ್ಲವೂ ಹಾಗಲ್ಲ. 2.10ರಲ್ಲಿ ಆ ಸೌಕರ್ಯವೇ ಇಲ್ಲ. ಆದ್ದರಿಂದ ಪ್ರತಿ ಹೆಜ್ಜೆಗೂ ಪದರದ ಪ್ರತಿ ಮಾಡಿಟ್ಟುಕೊಳ್ಳಿ.

ಉಬ್ಬಿನ ಆಳವನ್ನು ಎಷ್ಟಿಡಬೇಕು ಎಂದು ಕೇಳಿದರೆ, ನಿಮಗೆ ಸರಿ ಎನಿಸಿದ್ದರ ಅರ್ಧ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದಾಗ ಮೈಸೂರು ಶೈಲಿಯ ಹಳೆಯ ಚಿತ್ರವೊಂದನ್ನು ಪಕ್ಕದಿಂದ ನೋಡಿ. ಒಡವೆ, ಜರಿ, ಕಂಬಗಳ ಮೇಲೆ ಸಫೇದ ಎಂಬ ಬಿಳಿಪುಡಿ, ರೇವಲಚಿನ್ನಿ ಎಂಬ ಹಳದಿ ಮರದ ರಾಳ, ಅಂಟು ಕಲಸಿದ ಗೆಸ್ಸೊ ಎಂಬ ಲೇಪವನ್ನು ಎಬ್ಬಿಸಿ ಚಿನ್ನದ ರೇಕು ಹಚ್ಚಿರುತ್ತಾರೆ. ಆ ಉಬ್ಬು ಎಷ್ಟು ತೆಳುವೆಂದರೆ ಎದುರಿನಿಂದ ಅದು ಉಬ್ಬೆಂದು ತಿಳಿಯುವುದಿಲ್ಲ, ತಲೆ ಅಲ್ಲಾಡಿಸಿದಾಗ ಮಿನುಗು ಸರಿದಾಡುವುದರಿಂದ ತಿಳಿಯುತ್ತದೆ. ತಂಜಾವೂರಿನವರು ದಪ್ಪಗೆ ಎಬ್ಬಿಸುತ್ತಾರೆ, ಅದರ ವೈಭವವೇ ಬೇರೆ. ನಾನು ಮೈಸೂರಿನ ಕಡೆಯವನು. ಉಬ್ಬು ಜಾಸ್ತಿಯಾದ ಬೆಲ್ಲದ ಅಕ್ಷರ ಸೋಪಿನ ಹಾಗೆ ಕಾಣುವುದನ್ನು ನಾನೇ ನೋಡಿದ್ದೇನೆ.

ನೆರಳು ಸುಲಭ. ಡ್ರಾಪ್ ಶ್ಯಾಡೋ ಹಾಕಿ, ಬಣ್ಣ ಕಪ್ಪು ಬೇಡ, ಬೆಲ್ಲದ ಫೋಟೊದಲ್ಲೇ ಅತಿ ಗಾಢವಾದ ಕಂದು ಬಣ್ಣವನ್ನು ಡ್ರಾಪರ್‌ನಿಂದ ಎತ್ತಿ ಕೊಡಿ. ಹಿನ್ನೆಲೆ ಒಣ ಕಬ್ಬಿನ ತರಗಿನ ಬಣ್ಣವಿದ್ದರೆ ಕಂದು ಅಕ್ಷರ ಎದ್ದು ಕಾಣುತ್ತದೆ.

ಒಂದು ಸೂಕ್ಷ್ಮ ಉಳಿಯಿತು: ಹರಳು ಎಷ್ಟು ದೊಡ್ಡದಾಗಿ ಕಾಣಬೇಕು? ಎರಡು ಅಡಿ ಎತ್ತರದ ಅಕ್ಷರದ ಮೇಲೆ ನಿಜ ಗಾತ್ರದ ಹರಳು ಹಾಕಿದರೆ ರಸ್ತೆಯಿಂದ ಅದು ಮಣ್ಣಿನ ಗೋಡೆ. ಅಕ್ಷರವನ್ನು ಅಂಗೈಯಗಲದ ಅಚ್ಚು ಎಂದು ಕಣ್ಣು ನಂಬಬೇಕಾದರೆ ಹರಳೂ ಅದೇ ಪ್ರಮಾಣದಲ್ಲಿ ಹಿಗ್ಗಬೇಕು. ಆದ್ದರಿಂದ ಹರಿವಾಣವನ್ನು ದೂರದಿಂದಲ್ಲ, ಒಂದು ಗೇಣು ಮೇಲಿನಿಂದ ತೆಗೆಯಿರಿ.

ಬೋರ್ಡುಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂದ ಮೇಲೆ ನನ್ನಲ್ಲಿಗೆ ಬರುವವರು ಹೆಚ್ಚಾದರು. ಬಹಳಷ್ಟು ಜನ ಇಂಗ್ಲಿಷ್ ಅಕ್ಷರಕ್ಕೆ ಮಾಡಿದ ಅಲಂಕಾರವನ್ನೇ ಕನ್ನಡಕ್ಕೆ ಎಳೆದು ಹೊದಿಸಿ ಎನ್ನುತ್ತಾರೆ. ನೀವು ಕನ್ನಡದಿಂದಲೇ ಶುರು ಮಾಡಿದ್ದೀರಿ, ಕೆಲಸ ಅರ್ಧ ಹಗುರ.

ಇಡೀ ಬೋರ್ಡು ಮುದ್ರಿಸುವ ಮೊದಲು ‘ಲ್ಲ’ ಒಂದನ್ನು ಮಾತ್ರ ಒಂದು ಅಡಿ ವಿನೈಲ್ ತುಂಡಿನ ಮೇಲೆ ತೆಗೆಸಿ. ಪರದೆಯ ಮೇಲೆ ಕಂಡ ಕಂದು ಬಣ್ಣ ಶಾಯಿಯಲ್ಲಿ ಸ್ವಲ್ಪ ಮಂಕಾಗುತ್ತದೆ. ಅದನ್ನು ಆಲೆಮನೆಯ ಗೋಡೆಗೆ ಒರಗಿಸಿ, ಪಕ್ಕದಲ್ಲಿ ಒಂದು ನಿಜವಾದ ಅಚ್ಚು ಇಟ್ಟು, ಮೂವತ್ತು ಹೆಜ್ಜೆ ಹಿಂದಕ್ಕೆ ಬಂದು ಅಣ್ಣನನ್ನು ಕರೆಯಿರಿ. ಏನನ್ನೂ ಹೇಳದೆ ಅವರ ಮುಖ ನೋಡಿ.