32 ಮನೆ ನೋಡಿದರೂ ಒಂದೂ ಒಪ್ಪಿಗೆಯಾಗಲಿಲ್ಲ

ಶಾರ್ಲೆಟ್, ರಾಲೆ, ಆಸ್ಟಿನ್, ಅಟ್ಲಾಂಟಾ. ಅಮೆರಿಕದ ದಕ್ಷಿಣ ರಾಜ್ಯಗಳ ಈ ಊರುಗಳಿಗೆ ಗಂಟುಮೂಟೆ ಕಟ್ಟಿಕೊಂಡು ಹೋದ ಕನ್ನಡದ ದಂಪತಿಗಳು ಈಚೆಗೆ ನನ್ನನ್ನು ವಿಡಿಯೋ ಕರೆಯಲ್ಲಿ ಕಾಣುವುದು ಹೆಚ್ಚಾಗಿದೆ. ದೂರು ಒಂದೇ: "ಮನೆ ತಗೊಳ್ಳೋ ವಿಷಯಕ್ಕೆ ಜಗಳ." ಎರಡು ವರ್ಷದಲ್ಲಿ ಇದು ನಾಲ್ಕನೆಯದು. ಈ ಪ್ರಕರಣವನ್ನು ಬರೆಯಲು ಇನ್ನೊಂದು ಕಾರಣವೂ ಇದೆ. ನಾನು ಕೊಟ್ಟ ಸಲಹೆ ತಪ್ಪು ಎಂದು ಇಬ್ಬರು ಹೇಳಿದ್ದಾರೆ. ಒಬ್ಬರು ನನ್ನ ಸಲಹೆ ಕೇಳಿದ ಹೆಂಗಸಿನ ಗಂಡ, ಇನ್ನೊಬ್ಬಳು ನನ್ನಂತೆಯೇ ಆಪ್ತಸಲಹೆಗಾರ್ತಿಯಾದ ಗೆಳತಿ. ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಆಕೆ ಓದಿ ಒಪ್ಪಿದ್ದಾರೆ.

ಆಕೆಗೆ 38 ವರ್ಷ, ತಿಪಟೂರು ಕಡೆಯವರು. ಒಬ್ಬಳು ಮಗಳು. ಒಂಬತ್ತು ವರ್ಷ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದರು. ಅಲ್ಲಿ ಕೆಳಗಿಳಿದರೆ ನಮ್ಮ ದಿನಸಿ ಅಂಗಡಿ. ಗಂಡನಿಗೆ ಬ್ಯಾಂಕಿನ ಸಾಫ್ಟ್‌ವೇರ್ ಕೆಲಸ ಶಾರ್ಲೆಟ್‌ನಲ್ಲಿ ಸಿಕ್ಕಿತು. ಅದು ಬ್ಯಾಂಕುಗಳ ಊರು, ಬ್ಯಾಂಕ್ ಆಫ್ ಅಮೆರಿಕದ ಕೇಂದ್ರ ಕಚೇರಿ ಇರುವುದೂ ಅಲ್ಲೇ. 2010ರಲ್ಲಿ 7 ಲಕ್ಷ 31 ಸಾವಿರವಿದ್ದ ಜನಸಂಖ್ಯೆ 2020ರ ಹೊತ್ತಿಗೆ 8 ಲಕ್ಷ 74 ಸಾವಿರ ದಾಟಿತ್ತು. ಹೀಗೆ ಬೆಳೆಯುವ ಊರಿಗೆ ಹೋದವರಿಗೆಲ್ಲ ಸುತ್ತಲಿನವರು ಹೇಳುವುದು ಒಂದೇ ಮಾತು: ಈಗಲೇ ತಗೊಂಡುಬಿಡಿ. "ಇದೇ ದುಡ್ಡಿಗೆ ಜೆರ್ಸಿಯಲ್ಲಿ ಗ್ಯಾರೇಜೂ ಬರಲ್ಲ ಮೇಡಂ" ಎಂದು ಗಂಡ ಮೊದಲ ಭೇಟಿಯಲ್ಲೇ ಮೂರು ಸಲ ಹೇಳಿದರು.

ಆಕೆ 32 ಮನೆ ನೋಡಿ 32ನ್ನೂ ಬೇಡವೆಂದಿದ್ದರು. ಒಂದರದು ದಕ್ಷಿಣದ ಬಾಗಿಲು. ಒಂದರಲ್ಲಿ ಈಶಾನ್ಯಕ್ಕೇ ಟಾಯ್ಲೆಟ್. ಇನ್ನೊಂದು ಬಡಾವಣೆಯಲ್ಲಿ ಮುಂಬಾಗಿಲಿಗೆ ಬಣ್ಣ ಹಚ್ಚಲೂ ನಿವಾಸಿಗಳ ಸಂಘದ ಒಪ್ಪಿಗೆ ಬೇಕು, ಅಂಥ ಕಡೆ ತುಳಸಿಕಟ್ಟೆ ಇಡಲು ಬಿಡುತ್ತಾರೆಯೇ? ಕೊನೆಯದಕ್ಕೆ ಮಾತ್ರ ಮೊದಲು ಹೂಂ ಅಂದಿದ್ದರು. ಶಾರ್ಲೆಟ್ ಇರುವ ನಾರ್ತ್ ಕೆರೊಲಿನಾದಲ್ಲಿ 'ಡ್ಯೂ ಡಿಲಿಜೆನ್ಸ್ ಫೀ' ಎಂಬುದೊಂದಿದೆ, ಮನೆಯನ್ನು ಪರಿಶೀಲಿಸಿ ನಿರ್ಧರಿಸುವ ಅವಧಿಗೆ ಕೊಡುವ ಶುಲ್ಕ. ಕೊಳ್ಳುವವರು ಅದನ್ನು ನೇರವಾಗಿ ಮಾರುವವರ ಕೈಗೆ ಕೊಡುತ್ತಾರೆ. ಆಮೇಲೆ ಮನಸ್ಸು ಬದಲಾದರೆ ಆ ದುಡ್ಡು ವಾಪಸ್ ಇಲ್ಲ. ಇವರು ಕೊಟ್ಟದ್ದು 4 ಸಾವಿರ ಡಾಲರ್. ಹನ್ನೊಂದನೆಯ ದಿನ ಆಕೆ ಹಿಂದೆ ಸರಿದರು.

ಮೊದಲೆರಡು ಭೇಟಿಗಳನ್ನು ನಾನು ಹಾಳು ಮಾಡಿದೆ. ಇದು ಒಂಟಿತನ ಎಂದುಕೊಂಡೆ. ಹೈವೇಯಲ್ಲಿ ಕಾರು ಓಡಿಸಲು ಭಯ, ಪರಿಚಯದವರಿಲ್ಲ, ಹಗಲೆಲ್ಲ ಒಬ್ಬರೇ. ದೇವಸ್ಥಾನಕ್ಕೆ ಹೋಗಿ, ಕನ್ನಡದವರ ಜತೆ ಸೇರಿ, ಡ್ರೈವಿಂಗ್ ಕ್ಲಾಸ್ ಹಚ್ಚಿಕೊಳ್ಳಿ ಎಂದೆ. ಆಕೆ ಎಲ್ಲವನ್ನೂ ಮಾಡಿದರು. ಗೆಳತಿಯರೂ ಸಿಕ್ಕರು. ಆದರೂ ಮನೆ ಒಪ್ಪಿಗೆಯಾಗಲಿಲ್ಲ.

ಮೂರನೆಯ ಸಲ ಬೆಂಗಳೂರಿನಲ್ಲಿ ಬೆಳಗ್ಗೆ ಆರೂವರೆ, ಅಲ್ಲಿ ರಾತ್ರಿ ಒಂಬತ್ತು. ಮಗಳು ಮಲಗಿದ್ದಾಳೆ, ಗಂಡ ಮೀಟಿಂಗ್‌ನಲ್ಲಿದ್ದಾರೆ ಎಂದು ಆಕೆ ಪಾರ್ಕಿಂಗ್‌ನಲ್ಲಿ ನಿಂತ ಕಾರಿನೊಳಗೆ ಕೂತು ಮಾತಾಡುತ್ತಿದ್ದರು. ಒಳಗಿನ ದೀಪ ಆಗಾಗ ಆರಿಹೋಗುತ್ತಿತ್ತು. ಮತ್ತೆ ಕೈಯೆತ್ತಿ ಹಾಕುತ್ತಿದ್ದರು. ಸುಮ್ಮನೆ ಕೇಳಿದೆ, "ಜೆರ್ಸಿಯಲ್ಲಿ ಯಾಕೆ ಮನೆ ತಗೊಳ್ಳಲಿಲ್ಲ?"

"ಅಲ್ಲೆಲ್ಲಿ ಮೇಡಂ, ಆ ರೇಟಿಗೆ! ಅಮ್ಮನಿಗೂ ಅದನ್ನೇ ಹೇಳ್ತಿದ್ದೆ."

"ಮನೆ ತಗೊಳ್ಳಿ ಅಂತಿದ್ದರಾ ಅಮ್ಮ?"

ದೀಪ ಆರಿತು. ಈ ಸಲ ಹಾಕಲಿಲ್ಲ.

"ಇಲ್ಲ. ವಾಪಸ್ ಯಾವಾಗ ಬರ್ತೀರಾ ಅಂತ ಕೇಳ್ತಿದ್ದರು. ಬಾಡಿಗೆ ಮನೇಲೇ ಇದ್ದೀವಲ್ಲಮ್ಮ, ಇಲ್ಲೇನು ಝಂಡಾ ಊರಿದ್ದೀವಾ ಅಂತಿದ್ದೆ." ಸ್ವಲ್ಪ ಹೊತ್ತು ಬಿಟ್ಟು ಮುಂದುವರಿಸಿದರು: "ಮೂರು ವರ್ಷದ ಹಿಂದೆ ಅಮ್ಮ ಅಳಿಯ ಬರ್ತಾರೆ ಅಂತ ಮಹಡಿ ರೂಮಿಗೆ ಕಮೋಡ್ ಹಾಕಿಸಿದರು. ವೀಸಾ ಸ್ಟ್ಯಾಂಪಿಂಗ್ ಆಗದೆ ಊರಲ್ಲೇ ಸಿಕ್ಕಿಹಾಕಿಕೊಳ್ತೀವೇನೋ ಅಂತ ನಾವು ಹೋಗಲೇ ಇಲ್ಲ. ಅದರ ಮೇಲಿನ ಪ್ಲಾಸ್ಟಿಕ್ ಕವರ್ ಇನ್ನೂ ಹಾಗೇ ಇದೆ ಮೇಡಂ."

ಆ ಪ್ಲಾಸ್ಟಿಕ್ ಕವರ್‌ನಿಂದ ನನಗೆ ಎಲ್ಲ ಅರ್ಥವಾಯಿತು. ಜೆರ್ಸಿಯ ದುಬಾರಿ ಬೆಲೆ ಆಕೆಗೆ ತೊಂದರೆಯಾಗಿರಲಿಲ್ಲ, ಆಸರೆಯಾಗಿತ್ತು. ಮನೆ ಕೈಗೆಟುಕುವ ಊರಿಗೆ ಬಂದ ಕೂಡಲೇ ಆ ನೆಪ ಹೋಯಿತು. ಅದರ ಜಾಗಕ್ಕೆ ವಾಸ್ತು ಬಂತು. ವಾಸ್ತುವನ್ನು ಗಂಡಂದಿರು ಗೇಲಿ ಮಾಡುವುದನ್ನು ಬಹಳ ನೋಡಿದ್ದೇನೆ. ನಮ್ಮ ಮನೆಗಳಲ್ಲಿ ಹೆಂಗಸರು ಜಗಳವಿಲ್ಲದೆ 'ಬೇಡ' ಎನ್ನಲು ಇರುವ ಮರ್ಯಾದೆಯ ದಾರಿ ಅದೊಂದೇ ಎಂಬುದು ಅವರಿಗೆ ಹೊಳೆಯುವುದಿಲ್ಲ.

ನಾನು ಹೇಳಿದ್ದು ಇಷ್ಟು. ಆರು ತಿಂಗಳು ಒಂದೂ ಮನೆ ನೋಡಬೇಡಿ, ಬಾಡಿಗೆ ಕರಾರನ್ನು ಒಂದು ವರ್ಷಕ್ಕೆ ಮುಂದುವರಿಸಿ. ಅದಕ್ಕೆ ಮೊದಲು ಅಮ್ಮನಿಗೆ ಫೋನ್ ಮಾಡಿ, 'ಮುಂದಿನ ವರ್ಷ' ಎನ್ನದೆ, ಯಾವಾಗ ಬರುತ್ತೇವೋ ನಮಗೇ ಗೊತ್ತಿಲ್ಲ ಎಂದು ಹೇಳಿ. ಗಂಡ ಪಕ್ಕದಲ್ಲಿರಲಿ, ಮಾತಾಡುವುದು ಬೇಡ.

ಗಂಡ ಸಿಟ್ಟಾದರು. ಆರು ತಿಂಗಳಲ್ಲಿ ಬೆಲೆ ಏರಿದರೆ ನೀವು ಕೊಡ್ತೀರಾ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಮನೆ ಕೊಳ್ಳು, ಬಿಡು ಎಂದು ಹೇಳುವುದು ಆಪ್ತಸಲಹೆಗಾರರ ಕೆಲಸವಲ್ಲ ಎಂಬುದು ಗೆಳತಿಯ ಆಕ್ಷೇಪ. ಆ ನಿಯಮವನ್ನು ನಾನೂ ವಿದ್ಯಾರ್ಥಿಗಳಿಗೆ ಕಲಿಸುತ್ತೇನೆ. ಆದರೆ ಇವರು ಆಗಲೇ 4 ಸಾವಿರ ಡಾಲರ್ ಕಳೆದುಕೊಂಡಿದ್ದರು. ಇನ್ನೊಂದು ಭಾನುವಾರ, ಇನ್ನೊಂದು ಮನೆ ಎಂದರೆ ಮತ್ತೊಂದು ಚೆಕ್. ಜತೆಗೆ ಗಂಡನದು ಕಂಪನಿಯ ಕೆಲಸಕ್ಕೆ ಕಟ್ಟುಬಿದ್ದ ಎಚ್‌-1ಬಿ ವೀಸಾ. ಕೆಲಸ ಹೋದರೆ ಬೇರೆ ದಾರಿ ಹುಡುಕಲು ಹೆಚ್ಚೆಂದರೆ 60 ದಿನ. ಅಲ್ಲೇ ಕಾಯಂ ಆಗಿ ನೆಲೆಸಲು ಬೇಕಾದ ಗ್ರೀನ್ ಕಾರ್ಡಿನಲ್ಲಿ ಒಂದು ದೇಶದವರಿಗೆ ವರ್ಷಕ್ಕೆ ಶೇ. 7ರ ಮಿತಿ ಇರುವುದರಿಂದ ಭಾರತೀಯರ ಸಾಲು ಹತ್ತು ವರ್ಷ ದಾಟಿ ನಿಂತಿದೆ. 'ಯಾವಾಗ ಬರ್ತೀರಾ' ಎಂಬುದಕ್ಕೆ ಅವರ ಬಳಿ ನಿಜಕ್ಕೂ ಉತ್ತರವಿರಲಿಲ್ಲ. ಉತ್ತರವಿಲ್ಲ ಎಂದು ಅಮ್ಮನಿಗೆ ಒಮ್ಮೆ ಹೇಳಿಬಿಟ್ಟರೆ ಮನೆ ನೋಡುವುದು ಬರೀ ಮನೆ ನೋಡುವುದಾಗುತ್ತದೆ ಎಂದು ನನಗನ್ನಿಸಿತು. ಈಗಲೂ ಅನ್ನಿಸುತ್ತದೆ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಇದೇ ನಡೆದಿದ್ದರೆ ಮುಂದಿನ ಮನೆ ನೋಡುವ ಮೊದಲು ಒಂದು ಕೆಲಸ ಮಾಡಿ. ಈ ಮನೆ ಕೊಂಡ ಸುದ್ದಿಯನ್ನು ಯಾರಿಗೆ ಹೇಳಲು ನಿಮಗೆ ಕಷ್ಟವಾಗುತ್ತದೆ ಎಂದು ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆಯಿರಿ. ಅಡುಗೆಮನೆ ಯಾವ ಮೂಲೆಯಲ್ಲಿರಬೇಕು ಎಂಬುದನ್ನು ಆಮೇಲೆ ಮಾತಾಡಿದರಾಯಿತು.

ಆಕೆ ಫೋನ್ ಮಾಡಿದರು. ಅಮ್ಮ ಅಳಲಿಲ್ಲವಂತೆ. ಅಲ್ಲಿ ಮಣ್ಣು ಎಂಥದು ಎಂದು ಕೇಳಿದರಂತೆ. ಕೆಂಪು ಮಣ್ಣಮ್ಮ, ಮನೆ ಕಟ್ಟೋ ಜಾಗದಲ್ಲಿ ನಡೆದರೆ ಮಗಳ ಬಿಳಿ ಶೂ ಪೂರ್ತಿ ಕೆಂಪಾಗುತ್ತೆ ಎಂದರಂತೆ ಇವರು. ವಾರ ಕಳೆದ ಮೇಲೆ ಅಮ್ಮನೇ ಫೋನ್ ಮಾಡಿ, ಮಹಡಿ ರೂಮನ್ನು ಇಬ್ಬರು ಇಂಜಿನಿಯರಿಂಗ್ ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದೇನೆ ಎಂದರು. ಅದನ್ನು ಕೇಳಿ ಆಕೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ನಾನು ಹೇಳಿದ್ದು ಹೌದು, ಆದರೆ ಇಷ್ಟು ಬೇಗ ಕೊಡಬೇಕಿತ್ತಾ ಮೇಡಂ?" ಎಂದು ನಾಲ್ಕನೆಯ ಭೇಟಿಯಲ್ಲಿ ಕೇಳಿದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಆರು ತಿಂಗಳು ತುಂಬಲು ಇನ್ನೂ ಏಳು ವಾರವಿದೆ.