ಸೀಲ್‌ಗೆ 20 ಇಂಚಿನ ಅಲಾಯ್ ಬೇಕೇ?

ನಮಸ್ಕಾರ. ಕಾರವಾರದಿಂದ ಕುಮಟಾ, ದೇವಿಮನೆ ಘಟ್ಟದ ಮೂಲಕ ಶಿರಸಿಗೆ ಆಗಾಗ ಹೋಗಿಬರುವ ನಿಮ್ಮ ಬಿವೈಡಿ ಸೀಲ್ ಪರ್ಫಾರ್ಮೆನ್ಸ್ ಎಲೆಕ್ಟ್ರಿಕ್ ಕಾರಿಗೆ ಕಂಪನಿಯ 19 ಇಂಚಿನ ಅಲಾಯ್‌ಗಳನ್ನೇ (ಮಿಶ್ರಲೋಹದ ಚಕ್ರಗಳನ್ನೇ) ಉಳಿಸಿಕೊಳ್ಳಬೇಕೇ, ಹೊರಗಿನ 20 ಇಂಚಿನವನ್ನು ಹಾಕಿಸಬೇಕೇ ಎಂದು ಕೇಳಿದ್ದೀರಿ. ಈಗಿರುವವನ್ನೇ ಉಳಿಸಿಕೊಳ್ಳಿ ಎಂಬುದು ನನ್ನ ಸ್ಪಷ್ಟ ಸಲಹೆ.

ನಿಮ್ಮ ಈಗಿನ ಟೈರಿನ ಅಳತೆ 235/45 ಆರ್19; ಅಂದರೆ ಅಗಲ 235 ಮಿ.ಮೀ., ರಿಮ್‌ನಿಂದ ಹೊರಕ್ಕೆ ಟೈರಿನ ಪಕ್ಕದ ಎತ್ತರ ಆ ಅಗಲದ ಶೇ. 45, ಸುಮಾರು 106 ಮಿ.ಮೀ. ಒಟ್ಟು ವ್ಯಾಸ ಹೆಚ್ಚುಕಡಿಮೆ ಅಷ್ಟೇ ಇರುವಂತೆ 20 ಇಂಚಿಗೆ ಹೋಗಬೇಕಾದರೆ 235/40 ಹಾಕಬೇಕಾಗುತ್ತದೆ, ಆಗ ಉಳಿಯುವುದು 94 ಮಿ.ಮೀ. ಮಾತ್ರ. ಬ್ಯಾಟರಿಯ ಭಾರದಿಂದಾಗಿ ಎರಡು ಟನ್ ಮೀರಿದ ಕಾರು ಮಳೆಗಾಲದಲ್ಲಿ ನೀರು ತುಂಬಿ ಆಳವೇ ಕಾಣದ ಹೊಂಡಕ್ಕೆ ಇಳಿದಾಗ, ರಿಮ್ ಬಾಗದಂತೆ, ಟೈರಿನ ಪಕ್ಕ ಉಬ್ಬದಂತೆ ಕಾಯುವುದು ಈ ರಬ್ಬರಿನ ಎತ್ತರವೇ. ಭಾರವಾದ ದೊಡ್ಡ ಚಕ್ರದಿಂದ ಒಂದು ಚಾರ್ಜಿಗೆ ಓಡುವ ದೂರವೂ ಕೊಂಚ ಕುಗ್ಗುತ್ತದೆ.

ಕರಾವಳಿಯಲ್ಲಿರುವವರು ಉಪ್ಪುಗಾಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹೊಳಪಿಗಾಗಿ ಹೊರಮುಖವನ್ನು ಯಂತ್ರದಲ್ಲಿ ಕಡೆದು, ಮೇಲೆ ಪಾರದರ್ಶಕ ಲ್ಯಾಕರ್ ಮಾತ್ರ ಬಳಿದ ಅಲಾಯ್‌ಗೆ ಸಣ್ಣ ಕಲ್ಲೇಟು ಬಿದ್ದರೂ ಸಾಕು, ಉಪ್ಪಿನ ತೇವ ಒಳಹೊಕ್ಕು ಲ್ಯಾಕರ್‌ನ ಅಡಿಯಲ್ಲಿ ಬಿಳಿಯ ಎಳೆಎಳೆಯಾಗಿ ತುಕ್ಕಿನಂಥ ಸವಕಳಿ ಹರಡತೊಡಗುತ್ತದೆ.

ತೂಕ ಇಳಿಸುವುದೇ ನಿಮ್ಮ ಉದ್ದೇಶವಾಗಿದ್ದರೆ 19 ಇಂಚಿನಲ್ಲೇ, ಪೂರ್ತಿ ಬಣ್ಣ ಬಳಿದ ಹಗುರವಾದ ಫೋರ್ಜ್ಡ್ (ಅಚ್ಚಿಗೆ ಎರೆಯದೆ, ಭಾರಿ ಒತ್ತಡದಲ್ಲಿ ಒತ್ತಿ ರೂಪಿಸಿದ) ಅಲಾಯ್ ಆರಿಸಿ. ಆಫ್‌ಸೆಟ್ (ಚಕ್ರದ ಅಗಲದ ನಡುಗೆರೆಯಿಂದ ಅದು ಹಬ್‌ಗೆ ಕೂರುವ ಮುಖಕ್ಕಿರುವ ದೂರ), ನಡುವಿನ ರಂಧ್ರದ ಅಳತೆ ಹಾಗೂ ಚಕ್ರದ ಭಾರಸಾಮರ್ಥ್ಯವನ್ನು ಹಣ ಕೊಡುವ ಮೊದಲೇ ಖಚಿತಪಡಿಸಿಕೊಳ್ಳಿ. ಒಂದು ಟೈರು ಹೊರಬಲ್ಲ ಗರಿಷ್ಠ ಭಾರವನ್ನು ಹೇಳುವ ಸಂಖ್ಯೆಯೇ ಲೋಡ್ ಇಂಡೆಕ್ಸ್; 95 ಎಂದರೆ 690 ಕಿಲೋ, 99 ಎಂದರೆ 775 ಕಿಲೋ. ಕಂಪನಿ ಸೂಚಿಸಿದ್ದಕ್ಕಿಂತ ಕಡಿಮೆ ಸಂಖ್ಯೆಯ ಟೈರನ್ನು, ಅಂಗಡಿಯವರು ಎಷ್ಟೇ ಭರವಸೆ ಕೊಟ್ಟರೂ, ದಯವಿಟ್ಟು ಹಾಕಿಸಬೇಡಿ.