ಕಾರೇನು ಕಾಫಿನಾ?

ಕೊಡಗಿನ ನಾಪೋಕ್ಲು ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಈ ಸಲದ ಮಳೆ ರಜೆಯಲ್ಲಿ ನನ್ನ ಒಂಬತ್ತನೇ ಕ್ಲಾಸಿನ ಮಗ ಗೆಳೆಯರ ಜೊತೆ ಜಗುಲಿಯಲ್ಲಿ ಕೂತು ಒಂದು ಸುಳ್ಳು ದೇಶ ಕಟ್ಟಿದ್ದಾನೆ. ನಕ್ಷೆ, ಬಾವುಟ, ನೋಟು ಎಲ್ಲ ಇದೆ. ಅಲ್ಲಿನ ಐದು ಕಾರು ಕಂಪನಿಗಳು ಸಹಕಾರ ಸಂಘ ಮಾಡಿಕೊಂಡು ಒಂದೇ ಹೆಸರಲ್ಲಿ ಹೊರದೇಶಕ್ಕೆ ಕಾರು ಮಾರುತ್ತವಂತೆ. ಕಾರೇನು ಕಾಫಿನಾ, ಎಲ್ಲರದ್ದೂ ಒಟ್ಟಿಗೆ ಸುರಿದು ಮಾರೋಕೆ? ಇದು ನಡೆಯೋದಿಲ್ಲ ಅಂತ ನೀವಾದ್ರೂ ಅವನಿಗೆ ಹೇಳಿ.’

ಹೇಳುವುದಿಲ್ಲ ಸ್ವಾಮಿ. ನಾನು ನಿಮ್ಮ ಮಗನ ಕಡೆ.

ನಿಮ್ಮ ಮಾತಲ್ಲೂ ಸತ್ಯ ಇದೆ. ಒಬ್ಬ ಬ್ರೇಕ್ ಸರಿ ಮಾಡದಿದ್ದರೆ ಐವರ ಹೆಸರೂ ಕೆಡುತ್ತದೆ. ಒಪ್ಪಿದೆ, ಅದನ್ನು ಅಲ್ಲಿಗೆ ಬಿಡೋಣ.

ಆದರೆ ಕಾಫಿಯನ್ನು ಸುಮ್ನೆ ಸುರಿದು ಮಾರುತ್ತಿದ್ದರು ಅಂತ ನಿಮಗೆ ಹೇಳಿದ್ದು ಯಾರು? ಯುದ್ಧದ ಕಾಲದಲ್ಲಿ ಯುರೋಪಿನ ಪೇಟೆ ಮುಚ್ಚಿ, 1942ರ ಕಾಯ್ದೆ ಬಂದು, ಬೆಳೆಗಾರರೆಲ್ಲ ಕಾಫಿ ಬೋರ್ಡಿನ ಪೂಲ್‌ಗೇ, ಅಂದರೆ ಎಲ್ಲರದ್ದೂ ಸೇರಿಸಿ ಮಾರುವ ವ್ಯವಸ್ಥೆಗೇ, ಕಾಫಿ ಕೊಡಬೇಕಿತ್ತು. ನಮ್ಮ ತಂದೆಯೂ ಕೊಟ್ಟವರೇ. ನಾನು ಚಿಕ್ಕವನಿದ್ದಾಗ ಅವರ ಜೊತೆ ಲಾರಿ ಹತ್ತಿ ಕಾಫಿ ಕೊಡುವ ಕಡೆ ಹೋಗುತ್ತಿದ್ದೆ. ಅಲ್ಲಿ ಒಬ್ಬರು ಚೀಲಕ್ಕೆ ಮೊನಚು ಕೊಳವೆ ಚುಚ್ಚಿ ಒಂದು ಹಿಡಿ ತೆಗೆಯುತ್ತಿದ್ದರು. ಅಂಗೈಯಲ್ಲಿ ಹರಡಿ ಮೂಸುತ್ತಿದ್ದರು. ಒಂದು ಬೀಜ ಹಲ್ಲಲ್ಲಿ ಕಚ್ಚುತ್ತಿದ್ದರು. ಕಟಕ್ ಅಂದರೆ ಸರಿ. ಮೆತ್ತಗಿದ್ದರೆ ಅಪ್ಪನ ಮುಖ ಸಣ್ಣಗಾಗುತ್ತಿತ್ತು. ಸಿಪ್ಪೆ ಸುಲಿದು ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಬೇರೆ, ಹಣ್ಣನ್ನೇ ಒಣಗಿಸಿದ ಚೆರಿ ಬೇರೆ, ಹಣ್ಣಿಗೊಂದೇ ಇರುವ ಗುಂಡುಬೀಜ ಪೀಬೆರಿ ಬೇರೆ. ಗ್ರೇಡಿಗೆ ತಕ್ಕ ಪಾಯಿಂಟು, ಪಾಯಿಂಟಿಗೆ ತಕ್ಕ ದುಡ್ಡು. ಮೂರು ಎಕರೆಯವನಿಗೂ ಮುನ್ನೂರು ಎಕರೆಯವನಿಗೂ ಅದೇ ಲೆಕ್ಕ. ದುಡ್ಡು ಕಂತಲ್ಲಿ ಬರುತ್ತಿತ್ತು, ಅಷ್ಟರಲ್ಲಿ ಕಾಫಿ ಹೂ ಅರಳಿಸುವ ಮುಂದಿನ ಹೂಮಳೆಯೇ ಬಂದುಬಿಡುತ್ತಿತ್ತು. ಬೈದುಕೊಳ್ಳದವರಿಲ್ಲ. ಆದರೂ ಬೀಜ ಕಚ್ಚುವವರು ಒಬ್ಬರಿದ್ದರು. ನಿಮ್ಮ ಮಗನ ಸಂಘಕ್ಕೂ ಅಂಥವರೊಬ್ಬರು ಸಿಕ್ಕಿದರೆ ಬ್ರೇಕಿನ ಚಿಂತೆ ಮುಗಿಯಿತು.

ಇನ್ನೊಂದು ತಮಾಷೆ ಕೇಳಿ. ಆ ಪೂಲ್ ಕಾಫಿಗೆ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ. ಅಲ್ಲಿನ ಮಾಸ್ಕ್ವಿಚ್, ವೋಲ್ಗಾ ಕಾರು ಎಲ್ಲವನ್ನೂ ಹೊರಗೆ ಮಾರುತ್ತಿದ್ದದ್ದು ಆವ್ಟೊಎಕ್ಸ್‌ಪೋರ್ಟ್ ಎಂಬ ಒಂದೇ ಸಂಸ್ಥೆ. ತವರಲ್ಲಿ ಜಿಗುಲಿ ಆಗಿದ್ದ ಕಾರು ಗಡಿ ದಾಟಿದರೆ ಲಾಡಾ! ಅದು ಸರ್ಕಾರದ್ದು, ಸಹಕಾರದ್ದಲ್ಲ, ನಿಜ. ಸಹಕಾರವೇ ಬೇಕೆಂದರೆ ಸ್ಪೇನಿನ ಮೊಂಡ್ರಾಗನ್ ನೋಡಿ. 1956ರಲ್ಲಿ ಸೀಮೆಎಣ್ಣೆ ಸ್ಟವ್ ಮಾಡಲು ಹೊರಟ ಕೆಲಸಗಾರರ ಗುಂಪು, ಈಗ ದೊಡ್ಡ ದೊಡ್ಡ ಕಾರು ಕಂಪನಿಗಳಿಗೇ ಬಿಡಿಭಾಗ ಕೊಡುತ್ತದೆ.

ಬಿಡಿಭಾಗ ಅಂದಾಗ ನೆನಪಾಯಿತು. ನಮ್ಮ ಮಾವ ಆಸೆಪಟ್ಟು ಹೊರದೇಶದ ಕಂಪನಿಯೊಂದರ ಜೀಪು ತಂದಿದ್ದರು. ಎರಡು ವರ್ಷಕ್ಕೆ ಏಜೆಂಟು ಅಂಗಡಿ ಮುಚ್ಚಿದ. ಆಮೇಲೆ ಗೇರ್‌ಬಾಕ್ಸ್ ಹೋಯಿತು. ಮಡಿಕೇರಿಯಲ್ಲಿ ಇಲ್ಲ, ಮೈಸೂರಲ್ಲಿ ಇಲ್ಲ, ಬೆಂಗಳೂರಲ್ಲೂ ಇಲ್ಲ. ಜೀಪು ಹಲಸಿನ ಮರದ ಕೆಳಗೆ ನಿಂತಿತು. ಹಿಂದಿನ ಸೀಟಲ್ಲಿ ಕೋಳಿ ಮೊಟ್ಟೆ ಇಟ್ಟಿತು. ಪರದೇಶದಲ್ಲಿ ಒಬ್ಬನೇ ಗೋದಾಮು ಇಟ್ಟು, ಮೆಕ್ಯಾನಿಕ್‌ಗೆ ಸಂಬಳ ಕೊಡುವುದು ಸಣ್ಣ ಕಂಪನಿಗೆ ಭಾರ. ಐವರು ಸೇರಿದರೆ ಹಡಗಿನ ಬಾಡಿಗೆಯೂ ಹಂಚಿಹೋಗುತ್ತದೆ. ಇದು ನಿಮ್ಮ ಹುಡುಗನಿಗೆ ಹೊಳೆಯಿತು, ನಮಗೆ ಹೊಳೆಯುತ್ತಿಲ್ಲ.

ನಮ್ಮ ಕಥೆ ನೋಡಿ. ದೇಶದ ಮೊದಮೊದಲ ಕೃಷಿ ಸಹಕಾರ ಸಂಘಗಳಲ್ಲಿ ಒಂದು ಹುಟ್ಟಿದ್ದು ನಮ್ಮದೇ ಗದಗ ಸೀಮೆಯ ಕಣಗಿನಹಾಳದಲ್ಲಿ, 1905ರಲ್ಲಿ. ಈಗ ಸಂಘದ ಮಹಾಸಭೆಗೆ ಹೋದರೆ ಮೊದಲ ಪ್ರಶ್ನೆ ‘ಮಧ್ಯಾಹ್ನಕ್ಕೆ ಏನು?’ ಪಂದಿಕರಿ ಇದ್ದರೆ ಹಾಜರಾತಿ ಜಾಸ್ತಿ. ವರದಿ ಓದುವಾಗ ಅರ್ಧ ಜನ ಹೊರಗೆ ಮರದಡಿ. ತೊಂಬತ್ತರ ದಶಕದಲ್ಲಿ ಪೂಲ್ ಹೋದ ಮೇಲೆ ಎಲ್ಲರೂ ಸ್ವತಂತ್ರರು. ವ್ಯಾಪಾರಿ ಗೇಟಿಗೇ ಬರುತ್ತಾನೆ. ಅಣ್ಣ ಚೆರಿ ಎಷ್ಟಕ್ಕೆ ಕೊಟ್ಟ ಅಂತ ತಮ್ಮನಿಗೆ ಗೊತ್ತಿಲ್ಲ, ಕೇಳಿದರೆ ಅಣ್ಣ ಹೇಳುವುದೂ ಇಲ್ಲ. ನೀವು ಹೇಳುತ್ತೀರಾ? ಎದೆ ಮುಟ್ಟಿಕೊಂಡು ನೋಡಿ.

ಆ ನಕ್ಷೆಯ ಒಂದು ಪ್ರತಿ ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಬಂದರಿನ ಪಕ್ಕ ಬಿಡಿಭಾಗದ ಗೋದಾಮು ಬರೆದಿದ್ದಾನೋ ಇಲ್ಲವೋ ನೋಡಿ. ಇಲ್ಲದಿದ್ದರೆ ಈಗಲೇ ಬರೆಯಲಿ, ಪೆನ್ಸಿಲಲ್ಲಾದರೂ ಸರಿ.